ಕಲ್ಲಿದ್ದಲಿಲ್ಲದವರ ಗಣಿಯಾತ್ರೆ

ರಜೆ ಬಂದರೆ ನಂದಿಬೆಟ್ಟ, ಅದು ಬೇಸರವಾದರೆ ಅಂತರಗಂಗೆ ಎಂದು ಹೊರಡುವ ಅನುಗೊಂಡನಹಳ್ಳಿ ಕಡೆಯ ಜನ ಇನ್ನು ಮೇಲೆ ಕಲ್ಲಿದ್ದಲಿನ ಊರು ನೋಡಲು ಹೋಗಬೇಕೆಂದು ನನ್ನ ವಾದ. ಇಂಥ ಸಲಹೆ ಕೊಡುವವರ ಮನೆಮಂದಿಯ ಪಾಡೇನು ಎಂಬ ಕನಿಕರ ನಿಮಗೆ ಮೂಡಿದ್ದರೆ ಅದು ನ್ಯಾಯವೇ. ಆದರೆ ಜಗತ್ತಿನಲ್ಲಿ ಕಪ್ಪು ಹೊಂಡಕ್ಕೆ ಇರುವ ಮರ್ಯಾದೆ ನೋಡಿ. ಆಸ್ಟ್ರೇಲಿಯಾದ ಬೆಂಗಾಡಿನ ಲೀ ಕ್ರೀಕ್‌ನಲ್ಲಿ ಗಣಿ ಹಿಗ್ಗಲು ಜಾಗ ಬೇಕೆಂದು ಊರನ್ನೇ ಕಿತ್ತು 1982ರ ಹೊತ್ತಿಗೆ ಬೇರೆಡೆ ಕಟ್ಟಿದರು. 2015ರಲ್ಲಿ ಗಣಿಯನ್ನೇ ಮುಚ್ಚಿದರು. ನಾಗಪುರದ ಬಳಿಯ ಸಾವನೇರಿನಲ್ಲಂತೂ ಪ್ರವಾಸಿಗರನ್ನು ಗಣಿಯೊಳಕ್ಕೇ ಇಳಿಸಿ ತೋರಿಸುವ ಏರ್ಪಾಡು ಮಾಡಿದ್ದಾರೆ. ಕತ್ತಲೆ ನೋಡಲು ಕಾಸು ಬಿಚ್ಚುವವರು ಇದ್ದಾರೆಂದಾಯಿತು.

ಕರ್ನಾಟಕದಲ್ಲಿ ಕಲ್ಲಿದ್ದಲೇ ಇಲ್ಲವಲ್ಲ ಎನ್ನುತ್ತೀರಿ. ನಿಜ. ನಮ್ಮ ಬಯಲುಸೀಮೆಯ ಬಂಡೆ ಇನ್ನೂರೈವತ್ತು ಕೋಟಿ ವರ್ಷಕ್ಕೂ ಹಿಂದಿನದು. ಹೂತು ಇದ್ದಲಾಗಲು ಆಗ ಭೂಮಿಯ ಮೇಲೆ ಒಂದು ಗಿಡವೂ ಇರಲಿಲ್ಲ. ಹಾಗೆಂದು ರಾಜ್ಯ ಕೈಕಟ್ಟಿ ಕೂತಿಲ್ಲ. ಕರ್ನಾಟಕ ವಿದ್ಯುತ್ ನಿಗಮದ ಪಾಲಿಗೆ ಬಾರಂಜ್ ಗಣಿ ಇದೆ. ಅದಿರುವುದು ಮಹಾರಾಷ್ಟ್ರದ ಚಂದ್ರಾಪುರ ಜಿಲ್ಲೆಯ ಭದ್ರಾವತಿಯಲ್ಲಿ. ಯಾತ್ರಿಕನ ಗಂಡಾಂತರ ಇಲ್ಲೇ ಶುರು. ಭದ್ರಾವತಿ ಎಂದರೆ ಕನ್ನಡಿಗ ಶಿವಮೊಗ್ಗದ ರೈಲು ಹತ್ತುತ್ತಾನೆ. ತಲೆಗೆ ಹೆಲ್ಮೆಟ್ಟು, ಕೈಯಲ್ಲಿ ಟಾರ್ಚು, ಮಸಿ ಹತ್ತಿದರೂ ಕಾಣದಿರಲೆಂದು ಕರೀ ಪ್ಯಾಂಟು. ‘ಕಲ್ಲಿದ್ದಲು ಗಣಿಗೆ ನಡೀರಿ’ ಎಂದರೆ ಆಟೋದವರು ಗೊತ್ತಿಲ್ಲ ಎನ್ನುವ ಪೈಕಿಯಲ್ಲ; ನೇರ ಉಕ್ಕಿನ ಕಾರ್ಖಾನೆಯ ಗೇಟಿಗೆ ತಂದು ಬಿಡುತ್ತಾರೆ. ಗೇಟಿನವರು ಹೆಲ್ಮೆಟ್ಟು ನೋಡಿ, ಟಾರ್ಚು ನೋಡಿ, ಹಗಲು ಹನ್ನೊಂದರ ಬಿಸಿಲನ್ನೂ ಒಮ್ಮೆ ನೋಡಿ, ‘ಸ್ವಾಮಿ, ಇಲ್ಲಿ ಗಣಿ ಇಲ್ಲ’ ಎನ್ನುತ್ತಾರೆ. ಸರ್ಕಾರದ ಕಾಗದದಲ್ಲೇ ಇದೆಯಲ್ರೀ ಎಂದು ಇವನು. ಕಾಗದ ಎಂದೊಡನೆ ಗೇಟಿನವರ ದನಿ ಮೆತ್ತಗಾಗುತ್ತದೆ. ಕುರ್ಚಿ ಬರುತ್ತದೆ, ನೀರು ಬರುತ್ತದೆ, ಒಳಗೆ ಫೋನು ಹೋಗುತ್ತದೆ. ಒಳಗಿನವರು ಗಣಿ ಯಾವಾಗ ಮಂಜೂರಾಯಿತೆಂದು ಇವನನ್ನೇ ಕೇಳುತ್ತಾರೆ. ಸಂಜೆಗೆ ಟೀ ಅಂಗಡಿಗಳಲ್ಲೆಲ್ಲ ಊರಿನಡಿ ಕಲ್ಲಿದ್ದಲು ಸಿಕ್ಕಿತಂತೆ, ಕಾರ್ಖಾನೆಗೆ ಒಳ್ಳೇ ಕಾಲ ಬಂತಂತೆ ಎಂಬ ಸುದ್ದಿ. ರಾತ್ರಿಯೊಳಗೆ ಸೈಟುಗಳ ಬೆಲೆ ಏರುತ್ತದೆ.

ಆದರೂ ಅವನ ರೈಲು ಚಾರ್ಜು ದಂಡವಲ್ಲ ಎಂದೇ ನಾನು ಹೇಳುವುದು. ಕಲ್ಲಿದ್ದಲು ಇಲ್ಲವೆಂದೇ ಅಲ್ಲವೇ ನಮ್ಮ ಭದ್ರಾವತಿಯ ಕುಲುಮೆ 1923ರಲ್ಲಿ ಮಲೆನಾಡಿನ ಮರ ಸುಟ್ಟ ಇದ್ದಲಿನಿಂದ ಹೊತ್ತಿಕೊಂಡಿದ್ದು? ಬೇರೆಯವರ ಕಲ್ಲಿದ್ದಲಿನ ಚರಿತ್ರೆ ಹೊಂಡದಲ್ಲಿದ್ದರೆ ನಮ್ಮದು ಅದಿಲ್ಲದೆ ನಡೆಸಿದ ಪರದಾಟದಲ್ಲಿದೆ. ಅದನ್ನು ನೋಡಲು ಅನುಗೊಂಡನಹಳ್ಳಿಯವರು ಶಿವಮೊಗ್ಗದವರೆಗೂ ಹೋಗಬೇಕಿಲ್ಲ. ಪಕ್ಕದ ದೇವನಗೊಂದಿಯಲ್ಲಿ ಮಾರಿಕುಪ್ಪದ ಗಾಡಿ ಹತ್ತಿದರೆ ಕೆಜಿಎಫ್. ಅಲ್ಲಿ ಉಗಿಯಂತ್ರಗಳ ಹೊಟ್ಟೆಗೆ ಉರುವಲನ್ನು ಹೊರಗಿನಿಂದ ತಂದು ಸಾಕಾಗಿಯೇ ಮೈಸೂರು ಸರ್ಕಾರ ಕಾವೇರಿಯ ಕಡೆ ತಿರುಗಿದ್ದು. 1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರು ತಂತಿ ಹಿಡಿದು ಗಣಿಗೆ ಬಂತು. ಬೆಂಗಳೂರಿಗೆ ದೀಪ ಬಂದದ್ದು 1905ರಲ್ಲಿ. ರಾಜಧಾನಿಯಂತಿದ್ದ ಊರು ಸೀಮೆಎಣ್ಣೆ ಬತ್ತಿ ಒರೆಸುತ್ತಿದ್ದಾಗ ಪಾತಾಳದಲ್ಲಿ ಕರೆಂಟು ದುಡಿಯುತ್ತಿತ್ತು.

ಅದು ಚಿನ್ನದ ಗಣಿ, ಅದೂ ಮುಚ್ಚಿದ್ದು, ನೋಡುವುದೇನು ಎಂಬ ಆಕ್ಷೇಪಕ್ಕೆ ಬೇರೆಯವರ ಬಳಿ ಉತ್ತರ ಸಿದ್ಧವಿದೆ: 2018ರ ‘ಕೆಜಿಎಫ್’ ಸಿನಿಮಾ ನೋಡಿ ಬಂದವರು ಸಯನೈಡ್ ಗುಡ್ಡದ ಮುಂದೆ ಗಡ್ಡ ಸವರಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಮೈ ಉರಿಯುವುದು ಅಲ್ಲಿ. ಆ ಗುಡ್ಡ, ಚಿನ್ನ ಹಿಂಡಿಕೊಂಡ ಮೇಲೆ ಸುರಿದ ಕಲ್ಲಿನ ಪುಡಿ; ಗಾಳಿ ಎದ್ದರೆ ಸುತ್ತಲ ಮನೆಗಳೊಳಗೆ ಇಳಿಯುತ್ತದೆ. ಅದನ್ನು ಮೇಲೆ ತಂದವರು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು, ಬಂಡೆ ಸಿಡಿದು ಸತ್ತವರು. ಸಾಯದೆ ಉಳಿದ ಎಷ್ಟೋ ಮಂದಿಯ ಶ್ವಾಸಕೋಶದಲ್ಲಿ ಆ ಧೂಳೇ ಮನೆ ಮಾಡಿಕೊಂಡಿತು. ಅವರು ಹೀರೋಗಳಂತೆ ನಿಧಾನಗತಿಯಲ್ಲಿ ನಡೆದದ್ದು ಉಸಿರು ಸಾಲದೆ.

ನೋಡಬೇಕಾದ್ದು ಗುಡ್ಡವನ್ನಲ್ಲ, ಮುಚ್ಚಿದ ಮೇಲೆ ಊರು ಹೇಗೆ ಬದುಕುತ್ತಿದೆ ಎಂಬುದನ್ನು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬೀಗ ಹಾಕಿದ ಮೇಲೆ ಗಣಿಕಾರ್ಮಿಕರ ಮಕ್ಕಳು ಕೆಲಸಕ್ಕೆ ಬೆಂಗಳೂರಿನ ರೈಲು ಹಿಡಿದರು; ಇಂದಿಗೂ ಸಾವಿರಾರು ಜನ ನಸುಕಿನಲ್ಲೆದ್ದು ಹೊರಡುತ್ತಾರೆ. 1894ರಲ್ಲಿ ಗಣಿಗಾಗಿಯೇ ಹಾಸಿದ ಬಂಗಾರಪೇಟೆ ಹಳಿಯ ಮೇಲೆ ಈಗ ಸಾಗುವುದು ಊರಿನ ಜನರೇ. ಹೋಗಿಬರಲು ತ್ರಾಸವಲ್ಲವೇ ಎಂಬುದು ಕೊನೆಯ ಆಕ್ಷೇಪವಾದರೆ, ಇಲ್ಲ. ಬೆಳಿಗ್ಗೆ ಕಿಕ್ಕಿರಿಯುವುದು ಬೆಂಗಳೂರಿಗೆ ಹೋಗುವ ಗಾಡಿ, ಸಂಜೆ ಅಲ್ಲಿಂದ ಬರುವ ಗಾಡಿ. ಎದುರು ದಿಕ್ಕಿನ ಯಾತ್ರಿಕರಿಗೆ ಎರಡು ಹೊತ್ತೂ ಸೀಟು ಸಿಗುತ್ತದೆ.