ನಾಲ್ಕನೆಯ ವರುಷದ ಗೌರವ

ಚಿಕ್ಕೋಡಿಯ ನಿಲ್ದಾಣದಲ್ಲಿ, ಮುಮುಕ್ಷುವು ಮೋಕ್ಷವನ್ನು ಹೇಗೋ ಹಾಗೆ ಅಥಣಿಯ ಬಸ್ಸನ್ನು ನಿರೀಕ್ಷಿಸುತ್ತ ಕುಳಿತಿದ್ದ ನನ್ನ ಬಳಿಗೆ, ಮೂರು ವರುಷದ ಪದವಿಯ ಮೇಲೆ ನಾಲ್ಕನೆಯದನ್ನು ಗೋಪುರಕ್ಕೆ ಕಲಶವಿಟ್ಟಂತೆ ಇಡಹೊರಟಿದ್ದ ನಮ್ಮೋಣಿಯ ಹುಡುಗನು ಬಂದನು.

"ಕಾಕಾ, ನಾ ಈಗ ಆನರ್ಸ್ ಅದೀನ್ರಿ."

"ಶುಭಮಸ್ತು! ನಿನ್ನ ತಮ್ಮನೂ ಆನರ್ಸೇನು?"

"ಇಲ್ರಿ. 2021ರಾಗ ನಾಲ್ಕು ವರ್ಷ ಅಂದ್ರು. 2024ರಾಗ ಸರಕಾರ ಮತ್ತ ಮೂರೇ ಅಂತು. ಅಂವ ಹಳೇ ಪದ್ಧತಿಗೆ ಹೊಸಬ, ನಾ ಹೊಸ ಪದ್ಧತಿಗೆ ಹಳಬ."

"ಹುಟ್ಟುತ್ತಲೇ ಇತಿಹಾಸವಾದ ಗೌರವ! ತರಗತಿಯಲ್ಲಿ ಎಷ್ಟು ಮಂದಿ?"

"ಮೂವರು. ನಾನು, ರಾಯಬಾಗದಾಂವ ಒಬ್ಬ, ಕಾಗವಾಡದಾಕಿ ಒಬ್ಬಾಕಿ. ಉಳಿದಾವ್ರು ಬಿ.ಎಡ್.ಗೆ, ನಿಪ್ಪಾಣಿ ತಂಬಾಕದ ವ್ಯಾಪಾರಕ್ಕ ಹೋದ್ರು. ನಿಮ್ಮ ಕಾಲಕ್ಕ ಹೆಂಗಿತ್ರಿ?"

"ಬೆಳಗಾವಿಗೆ ರಾಣಿ ಚನ್ನಮ್ಮನ ಹೆಸರಿನ ವಿಶ್ವವಿದ್ಯಾಲಯ ಬಂದುದು 2010ರಲ್ಲಿ, ನಮಗೆ ಧಾರವಾಡವೇ ಕಾಶಿ. ಮೂರೇ ವರುಷ, ಗೌರವವೆಂಬುದನ್ನು ಪ್ರಮಾಣಪತ್ರದಲ್ಲಿಯೂ ಕೊಡಲಿಲ್ಲ, ಮನೆಯಲ್ಲಿಯೂ ಕೊಡಲಿಲ್ಲ."

(ಈ ಮಾತಿನಲ್ಲಿ ಅಸೂಯೆಯ ಲೇಶವಿದ್ದಿತೆಂದು ಒಪ್ಪುತ್ತೇನೆ.)

"ಮುಂದ ಎಂ.ಎ. ಒಂದs ವರ್ಷಕ್ಕ ಮುಗೀತೈತಂತ್ರಿ."

"ಅಂತ ಯಾರಂದರು?"

"ನಾಲ್ಕು ವರ್ಷದ ಮಾತು ಹೇಳಿದಾವ್ರs ಅಂದಿದ್ರ್ರಿ."

ಅಷ್ಟರಲ್ಲಿ ಬಸ್ಸು ಬಂದಿತು. ನಿರ್ವಾಹಕನು ಮೂರನೆಯ ವರುಷಕ್ಕೇ ಮುಗಿದಿದ್ದ ಅವನ ಪಾಸನ್ನು ತಿರುತಿರುಗಿಸಿ ನೋಡಿ, ಪೂರಾ ಟಿಕೀಟು ಹರಿದನು.