ಕೂಟದ ಖರ್ಚಿನ ರೂಮು
ನವೆಂಬರ್ ಬಂತೆಂದರೆ ರಾಜ್ಯೋತ್ಸವ. ಊರಿಂದ ಕುವೈತಿಗೆ ಬರುವ ಕಲಾವಿದರಿಗೆ ಕೊಲ್ಲಿಯ ದಂಡೆಯ ಎಗೈಲಾದಲ್ಲಿ ಹೋಟೆಲ್ ರೂಮು. ಬಾಡಿಗೆ ಕರೆಸಿದ ಕನ್ನಡ ಸಂಘದ್ದು. ಆದರೆ ಅತಿಥಿಯನ್ನು ರೂಮಿನಲ್ಲಿರಲು ಬಿಟ್ಟರೆ ತಾನೆ? ಪುಕ್ಕಟೆ ಬಫೆಯಲ್ಲಿ ತಟ್ಟೆ ಹಿಡಿಯುವಷ್ಟರಲ್ಲಿ ಫೋನು: ‘ಸಾರ್, ಕೆಳಗೇ ಇದ್ದೀನಿ. ಮನೇಲಿ ನೀರುದೋಸೆ ಆಗಿದೆ, ಬನ್ನಿ!’ ಮಧ್ಯಾಹ್ನ ಮಂಗಾಫ್‌ನಲ್ಲಿ ಬಿಸಿಬೇಳೆಭಾತು, ರಾತ್ರಿ ಸಾಲ್ಮಿಯಾದಲ್ಲಿ ಕೋರಿರೊಟ್ಟಿ. ಇಲ್ಲಿ ವಾರದ ರಜೆ ಶುಕ್ರವಾರ, ಶನಿವಾರ; ಅವೆರಡು ದಿನ ಅತಿಥಿಯ ಹೊಟ್ಟೆಗೆ ಓವರ್‌ಟೈಮ್.

ರೂಮಿನ ಪುಟ್ಟ ಫ್ರಿಜ್ಜನ್ನು ಆಸೆಯಿಂದ ತೆರೆದವರಿಗೆ ಸಿಗುವುದು ನೀರು, ಜ್ಯೂಸು. ಕುವೈತಿನಲ್ಲಿ ಮದ್ಯ ನಿಷೇಧ! (ಬಾಗಿಲು ಮುಚ್ಚುವ ಸದ್ದಿನಲ್ಲೇ ಆಸಾಮಿಯ ಗುಟ್ಟು ರಟ್ಟು.) ಏಸಿ, ಸಮುದ್ರದ ನೋಟ, ಮೆತ್ತನೆ ಹಾಸಿಗೆ ಎಲ್ಲವನ್ನೂ ಅನುಭವಿಸುವುದು ಸೂಟ್‌ಕೇಸು. ಹೊರಡುವಾಗ ಖರ್ಜೂರ ತುಂಬಿಕೊಂಡು ಅದೂ ದಪ್ಪಗಾಗಿರುತ್ತದೆ. ಹೆಚ್ಚಿದ ತೂಕಕ್ಕೆ ವಿಮಾನ ನಿಲ್ದಾಣದಲ್ಲಿ ದಿನಾರು ತೆರುವವರೂ ಸಂಘದ ಖಜಾಂಚಿಗಳೇ.