ಕಸಿ ಜೀಪಿನ ಯಜಮಾನರು

ಸಕಲೇಶಪುರ, ಮೂಡಿಗೆರೆ, ಸೋಮವಾರಪೇಟೆ, ಕೊಪ್ಪ, ಯಾವ ದಿಕ್ಕಿಗೆ ಹೋದರೂ ಸರಿ, ಹತ್ತು ಮೈಲಿಗೊಬ್ಬರಾದರೂ ಇವರು ಸಿಗುತ್ತಾರೆ. ತೋಟದ ಮನೆಯ ಪಕ್ಕ ಒಂದು ತಗಡಿನ ಶೆಡ್ಡು, ಅದರೊಳಗೆ ಬಾನೆಟ್ ಬಿಚ್ಚಿಟ್ಟ ಹಳೇ ಜೀಪು, ಜೀಪಿನಡಿಯಿಂದ ಚಾಚಿಕೊಂಡ ಎರಡು ಕಾಲು. ಕಾಲಿಗೆ ಗಂಬೂಟಿದ್ದರೆ ಯಜಮಾನರು, ಹವಾಯಿ ಚಪ್ಪಲಿಯಿದ್ದರೆ ಮೆಕ್ಯಾನಿಕ್. ರೊಬಸ್ಟಾ ಬುಡಕ್ಕೆ ಅರೇಬಿಕಾ ಕಸಿ ಕಟ್ಟಿದಂತೆ ಈ ಜೀಪಿನ ಬುಡ ಒಂದು ಕಂಪನಿಯದು, ಎಂಜಿನ್ ಇನ್ನೊಂದರದು, ರೇಡಿಯೇಟರ್ ಯಾವುದೋ ಲಾರಿಯದು. ಹಾರ್ನ್ ಎಲ್ಲಿಯದೆಂದು ಯಾರಿಗೂ ಗೊತ್ತಿಲ್ಲ. "ಗಾಡಿ ಓಡುತ್ತಾ?" ಎಂದು ಮಾತ್ರ ಕೇಳಬಾರದು. "ಇನ್ನೊಂದು ವಾರದ ಕೆಲಸ ಇದೆ" ಅನ್ನುತ್ತಾರೆ. ಆ ವಾರ ಯಾವ ಪಂಚಾಂಗದಲ್ಲೂ ಬರುವುದಿಲ್ಲ.

ಇಂಥವರನ್ನು ದೂರದಲ್ಲಿ ನಿಂತು ನೋಡಿ ನಗುವ ಭಾಗ್ಯ ಈ ಲೇಖಕನಿಗಿಲ್ಲ. ಅವನ ಅಕ್ಕನನ್ನು ಕೊಟ್ಟಿರುವುದೇ ಅಂಥ ಮನೆಗೆ.

ಭಾವನ ಜೀಪು ಅವರ ತಂದೆ ಕೊಂಡದ್ದು. ಅರವತ್ತರ ದಶಕದ ಹೈ ಬಾನೆಟ್ ಗಾಡಿ. ಹಿಂದಿನ ಸೀಟು ಕಿತ್ತು, ಹಲಗೆ ಹೊಡೆಸಿ, ಗೊಬ್ಬರದ ಮೂಟೆ ಸಾಗಿಸಲು ಪಿಕಪ್ ಮಾಡಿಕೊಂಡದ್ದೂ ಅವರೇ. ಮಗ ಮುಟ್ಟಿದ್ದು ಎಂಜಿನ್ ಒಂದನ್ನೇ. ಆದರೆ ಮುಟ್ಟಿದ ಕೈ ಹಿಂದಕ್ಕೆ ಬಂದೇ ಇಲ್ಲ. ಮೊದಲು ಮಹೀಂದ್ರದ ಪೆಜೋ ಡೀಸೆಲ್ ಬಂತು, ಎಕ್ಸ್‌ಡಿಪಿ 4.90, 2112 ಸಿಸಿ. "ಏರಿನಲ್ಲಿ ಕೆಳಗಡೆ ಪುಲ್ಲಿಂಗ್ ಸಾಲದು" ಎಂದು ಅದು ಇಳಿಯಿತು. ಆಮೇಲೆ ಮ್ಯಾಟಡಾರ್ ಎಂಜಿನ್. ಬಜಾಜ್ ಟೆಂಪೋದವರು ಮರ್ಸಿಡಿಸ್ ಲೈಸೆನ್ಸಿನಲ್ಲಿ ತಯಾರಿಸಿದ್ದು ಅದೆಂಬ ಒಂದೇ ಕಾರಣಕ್ಕೆ ಭಾವ ಕೆಲವು ಕಾಲ ಊರಿನಲ್ಲಿ "ನಮ್ಮದು ಬೆಂಜ್" ಎಂದು ಹೇಳಿಕೊಂಡು ತಿರುಗಿದರು. ಬೆಂಜ್ ಅದುರುವ ರಭಸಕ್ಕೆ ಛಾಸಿಯಲ್ಲಿ ಸೀಳು ಕಂಡಿತು. ಈಗ ಇರುವುದು ಅಂಬಾಸಿಡರ್ ಟ್ಯಾಕ್ಸಿಯೊಂದರಿಂದ ಇಳಿಸಿ ತಂದ ಎರಡು ಲೀಟರಿನ ಇಸುಜು ಡೀಸೆಲ್.

ಯಾಕೆ ಹೀಗೆ ಎಂದು ಕೇಳಿದರೆ ಭಾವನ ಬಳಿ ಚರಿತ್ರೆಯೇ ಸಿದ್ಧವಿದೆ. "ಏ ಮಾರಾಯ, ಕಂಪನಿಯವರೇ ಮಾಡಿದ್ದು ಇದು!" ಎಂದು ಶುರುಮಾಡುತ್ತಾರೆ. ಅವರು ಹೇಳುವುದು ನಿಜವೇ, ಅದೇ ಕಷ್ಟ. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನಲ್ಲಿದ್ದದ್ದು ಗೋ ಡೆವಿಲ್ ಎಂಬ 2.2 ಲೀಟರಿನ, 60 ಅಶ್ವಶಕ್ತಿಯ ಪೆಟ್ರೋಲ್ ಎಂಜಿನ್. ಅದರ ವಾಲ್ವುಗಳೆಲ್ಲ ಪಕ್ಕದಲ್ಲಿ, ಬ್ಲಾಕಿನೊಳಗೆ. ಮುಂದೆ ಕಂಪನಿಯವರು ಇನ್‌ಟೇಕ್ ವಾಲ್ವನ್ನು ಮೇಲಕ್ಕೆ ತಂದು ಹರಿಕೇನ್ ಎಂಜಿನ್ ಮಾಡಿದರು. ಶಕ್ತಿ ಎಪ್ಪತ್ತು ದಾಟಿತು, ಎತ್ತರವೂ ಹೆಚ್ಚಿತು, ಹಳೆಯ ಬಾನೆಟ್ ಮುಚ್ಚದಾಯಿತು. ಅವರೇನೂ ಎಂಜಿನ್ ಕುಗ್ಗಿಸಲು ಹೋಗಲಿಲ್ಲ, ಬಾನೆಟ್ಟನ್ನೇ ಎತ್ತರಿಸಿ 1953ರಲ್ಲಿ ಸಿಜೆ-3ಬಿ ಎಂದು ಮಾರಿಬಿಟ್ಟರು. ನಮ್ಮಲ್ಲಿ ಮಹೀಂದ್ರದವರು ದಶಕಗಟ್ಟಲೆ ಕಟ್ಟಿದ್ದು ಆ ವಂಶದ ಗಾಡಿಯನ್ನೇ.

ಅಲ್ಲಿಗೂ ನಿಲ್ಲುವುದಿಲ್ಲ. 1965ರಲ್ಲಿ ಕೈಸರ್ ಜೀಪಿನವರು ಸಿಜೆ-5ಕ್ಕೆ ಬ್ಯೂಕ್ ಕಾರಿನ ವಿ-6 ಎಂಜಿನ್ ಕೂರಿಸಿದರು, ಆಮೇಲೆ ಅದನ್ನು ತಯಾರಿಸುವ ಯಂತ್ರಗಳನ್ನೇ ಬ್ಯೂಕ್‌ನಿಂದ ಕೊಂಡರು. 1974ರಲ್ಲಿ, ಪೆಟ್ರೋಲಿಗೆ ಹಾಹಾಕಾರವೆದ್ದಾಗ, ಬ್ಯೂಕ್‌ನ ಒಡೆಯ ಜನರಲ್ ಮೋಟಾರ್ಸ್ ತಾನೇ ಮಾರಿದ್ದನ್ನು ವಾಪಸು ಕೊಂಡುಕೊಂಡಿತು. ಈ ಕತೆಯನ್ನು ಭಾವ ಹೇಳುವುದು ಸಾಮಾನ್ಯವಾಗಿ ಮದುವೆ ಮನೆಯಲ್ಲಿ, ಎಲೆಯ ಮುಂದೆ ಕೂತು, ಪಾಯಸ ಬಡಿಸುವವನು ಕಾಯುತ್ತ ನಿಂತಿರುವಾಗ. ಒಮ್ಮೆ ತಿಥಿಯೂಟದಲ್ಲೂ ಹೇಳಿದ್ದುಂಟು. ಸತ್ತವರೂ ಜೀಪು ಇಟ್ಟಿದ್ದವರೇ ಆದ್ದರಿಂದ ಯಾರೂ ತಪ್ಪು ತಿಳಿಯಲಿಲ್ಲ.

ನ್ಯಾಯವಾಗಿ ಹೇಳಬೇಕೆಂದರೆ ಈ ರೋಗ ಹುಟ್ಟಿದ್ದು ಲೆಕ್ಕಾಚಾರದಿಂದಲೇ. ಪೆಟ್ರೋಲಿಗೂ ಡೀಸೆಲಿಗೂ ಬೆಲೆಯಲ್ಲಿ ದೊಡ್ಡ ಅಂತರವಿದ್ದ ಕಾಲ. ಘಾಟಿಯ ಏರಿನಲ್ಲಿ ಹರಿಕೇನ್ ಎಂಜಿನ್ ಪೆಟ್ರೋಲನ್ನು ನೀರಿನಂತೆ ಕುಡಿಯುತ್ತಿತ್ತು. ಕಾಫಿಗೆ ಬೆಲೆ ಬಿದ್ದ ವರ್ಷಗಳಲ್ಲಿ ಜೀಪು ಹೊರಗೆ ತೆಗೆಯುವುದೆಂದರೆ ಎದೆ ಧಸಕ್ಕೆನ್ನುತ್ತಿತ್ತು. ಹಾಗಾಗಿ ಮಲೆನಾಡಿನ ಒಂದು ತಲೆಮಾರೇ ಪೆಟ್ರೋಲ್ ಎಂಜಿನ್ನುಗಳನ್ನು ಗುಜರಿಗೆ ಹಾಕಿ ಡೀಸೆಲ್ ಕೂರಿಸಿತು. ಅದರಲ್ಲಿ ಹುಚ್ಚೇನೂ ಇರಲಿಲ್ಲ. ಆದರೆ 2010ರಲ್ಲಿ ಪೆಟ್ರೋಲಿನ, 2014ರ ಅಕ್ಟೋಬರಿನಲ್ಲಿ ಡೀಸೆಲಿನ ಬೆಲೆಯ ಮೇಲಿನ ಸರ್ಕಾರದ ಹಿಡಿತ ಹೋಗಿ ಅಂತರ ಕಿರಿದಾಯಿತು. ಕಾರಣ ಹೋಯಿತು, ಸ್ಪ್ಯಾನರ್ ಮಾತ್ರ ಕೈಯಲ್ಲೇ ಉಳಿಯಿತು. ಭಾವ ಮೊದಲು ಎಂಜಿನ್ ಇಳಿಸುತ್ತಾರೆ. ಯಾಕೆ ಇಳಿಸಿದ್ದೆಂದು ಆಮೇಲೆ, ಅದು ನೇತಾಡುತ್ತಿರುವಾಗ, ಯೋಚಿಸುತ್ತಾರೆ.

ಇಷ್ಟನ್ನೂ ಸಹಿಸಬಹುದು. ಸಹಿಸಲಾಗದ್ದು ಟಾರ್ಚಿನ ವಿಷಯ.

ಎಂಜಿನ್ ಬದಲಾಯಿಸಲು ಚೈನ್ ಬ್ಲಾಕ್ ಬೇಕು, ವೆಲ್ಡಿಂಗ್ ಬೇಕು, ಲೇತ್ ಬೇಕು ಎಂದೆಲ್ಲ ಹೇಳುತ್ತಾರೆ. ನಿಜವಾಗಿ ಬೇಕಾದದ್ದು ಟಾರ್ಚ್ ಹಿಡಿಯುವ ಒಬ್ಬ ಮನುಷ್ಯ. ಅವನಿಗೆ ಎಂಜಿನ್ ಬಗ್ಗೆ ಏನೂ ಗೊತ್ತಿರಬಾರದು, ಎದ್ದು ಹೋಗುವಷ್ಟು ಧೈರ್ಯವಿರಬಾರದು, ಸಂಬಂಧದಲ್ಲಿ ಕಿರಿಯನಾಗಿರಬೇಕು. ಬೆಂಗಳೂರಿನಿಂದ ಅಕ್ಕನ ಮನೆಗೆ ಎರಡು ದಿನ ಇದ್ದು ಹೋಗಲು ಬಂದ ಬಾಮೈದನಾದರೆ ಇನ್ನೂ ಒಳ್ಳೆಯದು.

ಇಸುಜು ಕೂರಿಸಿದ ದಿನ ಆಷಾಢದ ಮಳೆ. ಕರೆಂಟು ಎಂದಿನಂತೆ ಮಧ್ಯಾಹ್ನವೇ ಹೋಗಿತ್ತು. ಶೆಡ್ಡಿನ ಕಬ್ಬಿಣದ ತೊಲೆಯಿಂದ ಎಂಜಿನ್ ನೇತಾಡುತ್ತಿತ್ತು. ಜೀಪಿನ ಹಳೇ ಮೂರು ಗೇರಿನ ಟಿ-90 ಗೇರ್‌ಬಾಕ್ಸನ್ನೇ ಉಳಿಸಿಕೊಳ್ಳುವುದೆಂದು ತೀರ್ಮಾನ. ಅದರ ಬಾಯಿಗೂ ಇಸುಜುವಿನ ಬೆನ್ನಿಗೂ ಬೋಲ್ಟಿನ ತೂತುಗಳು ಕೂಡುವುದಿಲ್ಲವಾದ್ದರಿಂದ ನಡುವೆ ಒಂದು ದಪ್ಪ ಕಬ್ಬಿಣದ ಅಡಾಪ್ಟರ್ ಪ್ಲೇಟನ್ನು ಹಾಸನದ ಲೇತಿನಲ್ಲಿ ಮಾಡಿಸಿ ತಂದಿದ್ದರು. ಇನ್ನು ಗೇರ್‌ಬಾಕ್ಸಿನ ಶಾಫ್ಟು ಕ್ಲಚ್ ಪ್ಲೇಟಿನ ಹಲ್ಲುಗಳ ನಡುವೆ ನುಸುಳಿ, ಅದರ ತುದಿ ಹೋಗಿ ಫ್ಲೈವೀಲಿನ ನಡುವಿನ ಸಣ್ಣ ಬುಷ್ಷಿನಲ್ಲಿ ಕೂರಬೇಕು. ಕ್ಲಚ್ ಪ್ಲೇಟ್ ಕೂದಲೆಳೆ ಪಕ್ಕಕ್ಕಿದ್ದರೂ ಶಾಫ್ಟ್ ಒಳಗೆ ಹೋಗದು. ಅದನ್ನು ನೆಟ್ಟಗೆ ಕೂರಿಸುವ ಉಪಕರಣ ಪೇಟೆಯಲ್ಲಿ ಸಿಗುತ್ತದೆ. ಭಾವ ಕಾಫಿ ಗಿಡದ ಕೋಲೊಂದನ್ನು ಕತ್ತಿಯಲ್ಲಿ ಹೆರೆದು, ಒರೆದು, ಎಣ್ಣೆ ಸವರಿ ಅಂಥದ್ದೇ ಒಂದು ಮಾಡಿಕೊಂಡಿದ್ದರು. ಆ ಕೋಲು ನಿಜಕ್ಕೂ ಚೆಂದವಾಗಿತ್ತೆಂದು ಒಪ್ಪಬೇಕು.

ಶಾಫ್ಟು ಅಷ್ಟೂ ಒಳಗೆ ಹೋಗಿ, ಒಂದು ಬೆರಳಿನಷ್ಟು ಉಳಿದು, ನಿಂತುಬಿಟ್ಟಿತು.

"ಬೋಲ್ಟ್ ಹಾಕಿ ಎಳೆದುಬಿಡೋಣ" ಎಂದ ಮೆಕ್ಯಾನಿಕ್. "ಕಿವಿ ಒಡೆದ್ರೆ ನಿಮ್ಮಪ್ಪ ಕೊಡ್ತಾನಾ ಹೌಸಿಂಗು?" ಎಂದರು ಭಾವ. ಗೇರಿಗೆ ಹಾಕಿ ಹಿಂದಿನ ಶಾಫ್ಟ್ ತಿರುಗಿಸಿದರು. ಕ್ರ್ಯಾಂಕ್ ತಿರುಗಿಸಿದರು. ಚೈನನ್ನು ಒಂದು ಕೊಂಡಿ ಇಳಿಸಿದರು, ಎರಡು ಕೊಂಡಿ ಏರಿಸಿದರು. ಈ ಎಲ್ಲ ಹೊತ್ತೂ ಲೇಖಕ ಒದ್ದೆ ಗೋಣಿಚೀಲದ ಮೇಲೆ ಮಂಡಿಯೂರಿ ಟಾರ್ಚ್ ಹಿಡಿದಿದ್ದ. "ಇಲ್ಲಿ ಹಿಡಿ." ಹಿಡಿದ. "ಅಲ್ಲಲ್ಲ, ಅಲ್ಲಿ." ಅಲ್ಲಿ ಹಿಡಿದ. "ಕಣ್ಣಿಗೆ ಬಿಡಬೇಡ ಮಾರಾಯ, ಕೆಲಸ ಮಾಡೋದು ಬೇಡವಾ?" ಕೆಲಸ ಮಾಡುವವರ ತಲೆ ಬೆಳಕಿಗೂ ಬೋಲ್ಟಿಗೂ ನಡುವೆಯೇ ಇರುವುದರಿಂದ ಟಾರ್ಚ್ ಹಿಡಿಯುವವನಿಗೆ ಕಾಣುವುದು ಬರೀ ಬೋಳು ತಲೆ. ಅದರ ಆಚೆ ಏನಾಗುತ್ತಿದೆಯೆಂದು ಅವನು ಊಹಿಸಿಕೊಂಡೇ ಬೆಳಕು ಬಿಡಬೇಕು. ಅಷ್ಟರಲ್ಲಿ ಕಾಲ್ಚೀಲದೊಳಗೆ ತಣ್ಣಗೆ ಏನೋ ಹರಿದಂತಾಯಿತು. ಉಂಬಳ. ಕೆಡವಲು ಎದ್ದವನು ಗೋಣಿಯ ಮೇಲೆ ಜಾರಿ ಚೈನಿಗೆ ಭುಜ ಕೊಟ್ಟ. ಎಂಜಿನ್ ಒಮ್ಮೆ ತೂಗಿ, ಟಕ್ ಎಂದು ಪೂರ್ತಿ ಒಳಗೆ ಕೂತಿತು.

ಮೋಟಾರು ವಾಹನ ಕ್ಷೇತ್ರಕ್ಕೆ ಈ ಲೇಖಕ ಸಲ್ಲಿಸಿದ ಸೇವೆ ಅಷ್ಟೇ. ಅದಕ್ಕೂ ಮನ್ನಣೆ ಸಿಗಲಿಲ್ಲ. "ಅಳತೆ ಸರಿ ಇದ್ರೆ ತಾನೇ ಕೂರುತ್ತೆ" ಎಂದು ಭಾವ ಮೆಕ್ಯಾನಿಕ್‌ಗೆ ಹೇಳುತ್ತಿದ್ದರು. ಅಕ್ಕ ಕಾಫಿ, ಅಕ್ಕಿರೊಟ್ಟಿ ತಂದಳು. ರೊಟ್ಟಿ ಮುರಿಯುತ್ತ ಕೆಳಗೆ ಬಗ್ಗಿ ನೋಡಿದರೆ, ಎಂಜಿನ್ನಿನ ಆಯಿಲ್ ಚೇಂಬರ್ ಮುಂದಿನ ಆ್ಯಕ್ಸಲ್ ಹೌಸಿಂಗಿನ ನೆತ್ತಿಯ ಮೇಲೆ ಒರಗಿಕೊಂಡಿತ್ತು. ಗಾಡಿ ಒಂದು ಹಳ್ಳಕ್ಕೆ ಬಿದ್ದರೆ ಚೇಂಬರ್ ಚಿಂದಿ. ಮತ್ತೆ ಎಲ್ಲ ಬಿಚ್ಚಬೇಕು, ಮೌಂಟಿಂಗ್ ಎತ್ತರಿಸಬೇಕು. ಭಾವನ ಮುಖದಲ್ಲಿ ಬೇಸರದ ಗೆರೆಯೂ ಇರಲಿಲ್ಲ. "ಒಂದು ವಾರದ ಕೆಲಸ" ಎಂದರು.

ಇಲ್ಲೇ ಈ ಜನರ ಮರ್ಮ ಇರುವುದು. ಎಂಜಿನ್ ಬದಲಾಯಿಸುವುದೆಂದರೆ ಒಂದೇ ಕೆಲಸವಲ್ಲ, ಒಂದಕ್ಕೊಂದು ಜೋತುಬಿದ್ದ ಕೆಲಸಗಳ ಸಾಲು. ಮೌಂಟಿಂಗ್ ಎತ್ತರಿಸಿದರೆ ಫ್ಯಾನ್ ರೇಡಿಯೇಟರಿಗೆ ತಾಗುತ್ತದೆ. ರೇಡಿಯೇಟರ್ ಮುಂದಕ್ಕೆ ಸರಿಸಿದರೆ ಗ್ರಿಲ್ ಕೂರುವುದಿಲ್ಲ. ಎಂಜಿನ್ ಕೋನ ಬದಲಾದರೆ ಜಾಯಿಂಟ್ ಶಾಫ್ಟಿನ ಕ್ರಾಸ್ ಕಿರುಚುತ್ತದೆ. ಡೀಸೆಲಿನ ಭಾರಕ್ಕೆ ಮುಂದಿನ ಸ್ಪ್ರಿಂಗ್ ಪ್ಲೇಟುಗಳು ಕುಸಿಯುತ್ತವೆ. ಇಷ್ಟೆಲ್ಲ ಸರಿಹೋಗಿ ಗಾಡಿ ರಸ್ತೆಗಿಳಿದರೆ, 5.38 ರೇಷಿಯೋದ ಆ ಹಳೇ ಆ್ಯಕ್ಸಲ್‌ಗಳು ಗುಡ್ಡ ಹತ್ತಲು ಹುಟ್ಟಿದವೇ ಹೊರತು ಓಡಲು ಅಲ್ಲವಾದ್ದರಿಂದ, ಅರವತ್ತು ದಾಟುವಷ್ಟರಲ್ಲಿ ಎಂಜಿನ್ ಬೊಬ್ಬೆ ಹೊಡೆಯುತ್ತದೆ. ಬ್ರೇಕಿನ ಬಗ್ಗೆ ಭಾವ ಮಾತಾಡುವುದಿಲ್ಲ. ಡ್ರಮ್ಮುಗಳು ಅವರ ತಂದೆಯ ಕಾಲದವೇ. "ನಿಲ್ಲಿಸೋದು ಯಾಕೆ, ಹೋಗೋದು ಮುಖ್ಯ" ಎಂಬ ಮಾತು ತಮಾಷೆಗೆ ಅಂದದ್ದೆಂದು ಅಕ್ಕ ಇನ್ನೂ ನಂಬಿದ್ದಾಳೆ.

ಕಾನೂನಿನ ಮಾತು ಎತ್ತಿದರೆ ಮಾತ್ರ ಭಾವನಿಗೆ ತಟ್ಟನೆ ಕಿವಿ ಮಂದವಾಗುತ್ತದೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಾಯಿಸುವ ಹಾಗಿಲ್ಲ. ಕೇರಳದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಗಟ್ಟಿಯಾಗಿ ಹೇಳಿದೆ. ಭಾವನ ಆರ್‌ಸಿಯಲ್ಲಿ ಇಂಧನ ಇಂದಿಗೂ ಪೆಟ್ರೋಲ್. "ತೋಟದೊಳಗೆ ಓಡಾಡೋ ಗಾಡಿ" ಎನ್ನುತ್ತಾರೆ. ಅವರ ತೋಟ ಕೆಲವೊಮ್ಮೆ ಸಕಲೇಶಪುರದ ಸಂತೆಯವರೆಗೂ ಚಾಚುತ್ತದೆ.

ಬಿಡಿಭಾಗ ಹುಡುಕಲು ಹೊರಟರಂತೂ ದಿಕ್ಕುದೆಸೆಯಿಲ್ಲ. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ, ಜೆ.ಸಿ. ರೋಡಿನ ಅಂಗಡಿ ಸಾಲಿನಲ್ಲಿ ಭಾವನಿಗೆ ಇರುವಷ್ಟು ನೆಂಟರು ಊರಲ್ಲಿಲ್ಲ. ಅಕ್ಕನಿಗೆ ಸೀರೆ ಕೊಡಿಸಲು ಚಿಕ್ಕಪೇಟೆಗೆ ಹೊರಟ ಸವಾರಿ ಜೆ.ಸಿ. ರೋಡಿನಲ್ಲೇ ಮುಗಿದು, ಅವಳು ತೊಡೆಯ ಮೇಲೆ ಸ್ಟಾರ್ಟರ್ ಮೋಟಾರ್ ಇಟ್ಟುಕೊಂಡು ಬಸ್ಸಿನಲ್ಲಿ ವಾಪಸು ಬಂದದ್ದು ಮನೆತನದ ದಾಖಲೆ.

ಹಾಗೆಂದು ಬೈಯಲೂ ಮನಸ್ಸು ಬರುವುದಿಲ್ಲ. ಫೆಬ್ರುವರಿ, ಮಾರ್ಚಿನಲ್ಲಿ ಹೂಮಳೆ ಬಾರದೆ ಸ್ಪ್ರಿಂಕ್ಲರ್ ಹಾಕುವ ಹೊತ್ತಿಗೆ ಸರಿಯಾಗಿ ಯಾರದೋ ಪಂಪ್‌ಸೆಟ್ ಕೈಕೊಡುತ್ತದೆ. ಆಗ ಸುತ್ತಲಿನವರೆಲ್ಲ ಓಡಿ ಬರುವುದು ಭಾವನ ಶೆಡ್ಡಿಗೇ. ಅವರು ಹಣ ಮುಟ್ಟುವುದಿಲ್ಲ, ಮಾತಿಗೆ ಸಿಕ್ಕರೆ ಸಾಕು. ಒಂದು ಕಾಲದಲ್ಲಿ ಭಾನುವಾರ ಆ ಶೆಡ್ಡಿನಲ್ಲಿ ಜಾತ್ರೆಯಂತೆ ಜನ: ಆಚೆ ತೋಟದವರು, ಪೋಸ್ಟ್‌ಮ್ಯಾನ್, ನಿವೃತ್ತ ಮೇಷ್ಟ್ರು, ಒಂದಷ್ಟು ಹುಡುಗರು. ಒಬ್ಬರು ಸ್ಪ್ಯಾನರ್ ಕೊಡುವುದು, ನಾಲ್ವರು ಸಲಹೆ ಕೊಡುವುದು. ಹುಡುಗರು ಈಗ ಬೆಂಗಳೂರಿನಲ್ಲಿದ್ದಾರೆ. ಮೆಕ್ಯಾನಿಕ್‌ನ ಮಗನಿಗೆ ಕಂಪ್ಯೂಟರ್ ಹಚ್ಚಿ ಹೊಸ ಗಾಡಿಯ ದೋಷ ಓದಲು ಬರುತ್ತದೆ, ಕಾರ್ಬ್ಯುರೇಟರ್ ಬಿಚ್ಚಲು ಬಾರದು. ಇತ್ತೀಚೆಗೆ ಟಾರ್ಚ್ ಹಿಡಿಯುವವನು ಅಸ್ಸಾಮಿನಿಂದ ತೋಟದ ಕೆಲಸಕ್ಕೆ ಬಂದ ಹುಡುಗ. ಇಬ್ಬರ ನಡುವೆ ಇರುವುದು "ಇಧರ್, ಉಧರ್" ಎಂಬ ಎರಡೇ ಮಾತು. ಲೇಖಕನಿಗಿಂತ ಅವನು ಚೆನ್ನಾಗಿ ಹಿಡಿಯುತ್ತಾನಂತೆ. ಈ ಸುದ್ದಿ ಕೇಳಿ ಖುಷಿಯಾಗಬೇಕಿತ್ತು, ಯಾಕೋ ಚೂರು ಹೊಟ್ಟೆಯುರಿಯಿತು.

ಅಷ್ಟರಲ್ಲಿ ಗಾಳಿ ತಿರುಗಿದೆ. ಹಳೇ ಗಾಡಿಗಳನ್ನು ಕಂಪನಿಯಿಂದ ಬಂದಂತೆಯೇ ಇಟ್ಟುಕೊಳ್ಳುವ ಶೋಕಿ ಈಗ ಜೋರು. ಅಸಲಿ ಹರಿಕೇನ್ ಇರುವ ಜೀಪಿಗೆ ಕೇಳಿದ ಬೆಲೆ. ತೂಕಕ್ಕೆ ಹಾಕಿ ಗುಜರಿಗೆ ಕೊಟ್ಟಿದ್ದ ಆ ಎಂಜಿನ್ನಿಗಾಗಿ ಭಾವನೂ ಊರೂರು ಅಲೆಯತೊಡಗಿದರು. "ಅಪ್ಪನ ಗಾಡಿ ಮಾರಾಯ, ಅಪ್ಪ ಓಡಿಸಿದ ಹಾಗೇ ಇರಬೇಕು" ಎಂದು ಗಂಟಲು ತುಂಬಿ ಹೇಳಿದಾಗ ಲೇಖಕ ಒಂದು ಕ್ಷಣ ನಂಬಿಯೂ ಬಿಟ್ಟ. ಕಡೆಗೆ ಕಳಸದ ಕಡೆಯ ತೋಟವೊಂದರಲ್ಲಿ, ಅಡಿಕೆ ಗೋದಾಮಿನ ಮೂಲೆಯಲ್ಲಿ, ಗೋಣಿ ಮುಚ್ಚಿಟ್ಟ ಹರಿಕೇನ್ ಒಂದು ಸಿಕ್ಕಿತು. ಬ್ಲಾಕ್ ಗಟ್ಟಿಯಿತ್ತು, ಕಾರ್ಬ್ಯುರೇಟರ್ ಸಹ ಇತ್ತು. ಯಜಮಾನರ ಮೊಮ್ಮಗ, ಇಪ್ಪತ್ತೈದರ ಹುಡುಗ, ಕೊಡಲು ಒಪ್ಪಿದ. ಎಷ್ಟು ಕೊಡಬೇಕೆಂದು ಭಾವ ಕೇಳಿದರು.

"ದುಡ್ಡು ಬೇಡ ಅಂಕಲ್. ನಿಮ್ಮ ಇಸುಜು ಕೊಟ್ಟುಬಿಡಿ. ನಮ್ಮ ಅಜ್ಜನ ಜೀಪಿಗೆ ಕೂರಿಸಬೇಕು."

ಭಾವನ ಕಣ್ಣು ಅರಳಿತು. ಅಡಾಪ್ಟರ್ ಪ್ಲೇಟ್ ಸಮೇತ ಕೊಡುವುದೆಂದಾಯಿತು, ಕಾಫಿ ಕೋಲನ್ನೂ ಸೇರಿಸಿ. ಚೇಂಬರ್ ಹೌಸಿಂಗಿಗೆ ತಾಗುತ್ತದೆ ಎಂಬ ಮಾತನ್ನು ಅವರು ಆ ಹುಡುಗನಿಗೆ ಹೇಳಲಿಲ್ಲ. ವಾಪಸು ಬರುವಾಗ ಲೇಖಕ ಕೇಳಿದ್ದಕ್ಕೆ, "ಅವನೇ ಕಂಡುಕೊಳ್ಳಲಿ ಬಿಡು, ಪಾಪ, ಚಿಕ್ಕ ವಯಸ್ಸು" ಎಂದರು.